ಮೂಗಿನ ಮೇಲೆ ಐದು ತಾಲೂಕು

ನಮ್ಮ ಕಡೆ ಹೆಣ್ಣುಮಗಳ ಮೂಗಿನ ಬಗ್ಗೆ ಮಾತಾಡಲು ಯಾರ ಪರವಾನಗಿಯೂ ಬೇಕಾಗಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ಕೂತವಳನ್ನು ತಡೆದು, 'ಯಾಕಬೇ, ಮೂಗಿನ ಮ್ಯಾಲ ಹಂಗ ಕರಿ ಕರಿ ಆಗ್ಯಾವಲ್ಲ, ಏನೂ ಹಚ್ಚಂಗಿಲ್ಲೇನ?' ಎಂದು ಯಾರಾದರೂ ಕೇಳಬಹುದು. ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಒಂದು ಮದ್ದು ಹೇಳಿ, ಎಷ್ಟು ದಿನ ಹಚ್ಚಬೇಕೆಂಬುದನ್ನೂ ಹೇಳಿ, ತಮ್ಮ ಚೀಲ ಎತ್ತಿಕೊಂಡು ಹೋಗುತ್ತಾರೆ. ಜ್ವರ ಬಂದರೆ 'ದವಾಖಾನಿಗೆ ಹೋಗು' ಎನ್ನುವ ಜನವೇ ಮೂಗಿನ ಮೇಲಿನ ಕರಿ ಚುಕ್ಕಿಯ ಮಟ್ಟಿಗೆ ತಾವೇ ಡಾಕ್ಟರು. ಈಗಿನ ಹುಡುಗಿಯರು ಅದನ್ನು ಬ್ಲ್ಯಾಕ್‌ಹೆಡ್ಸ್ ಎನ್ನುತ್ತಾರೆ. ಆದರೂ ಮದ್ದು ಮಾತ್ರ ಅಡುಗೆಮನೆಯ ಡಬ್ಬಿಯಿಂದಲೇ ಬರಬೇಕು.

ನನ್ನ ತವರು ರಾಯಬಾಗ ಕಡೆಯ ಹಳ್ಳಿ, ಕೊಟ್ಟ ಮನೆ ಚಿಕ್ಕೋಡಿ. ಅಕ್ಕನನ್ನು ಕಾಗವಾಡಕ್ಕೆ ಕೊಟ್ಟಿದ್ದಾರೆ, ನಾದಿನಿಯನ್ನು ಅಥಣಿಗೆ. ಚಿಗವ್ವನ ಮಗಳು ನಿಪ್ಪಾಣಿಯಲ್ಲಿದ್ದಾಳೆ. ನಾನು ಸಾಲಿ ಕಲಿಯುವಾಗ ಇವೆಲ್ಲ ಸೇರಿ ಮೂರೇ ತಾಲೂಕು. ಕಾಗವಾಡ ಅಥಣಿಯೊಳಗಿತ್ತು, ನಿಪ್ಪಾಣಿ ಚಿಕ್ಕೋಡಿಯೊಳಗಿತ್ತು. ಈಗ ಐದಾಗಿವೆ. ಐದೂ ತಾಲೂಕಿನ ಮದ್ದುಗಳು ನನ್ನ ಮೂಗಿನ ಮೇಲೆ ಒಮ್ಮೊಮ್ಮೆ ಕೂತು ಎದ್ದು ಹೋಗಿವೆ. ಹಚ್ಚುತ್ತ, ತೊಳೆಯುತ್ತ, ಕನ್ನಡಿ ನೋಡುತ್ತ ಒಂದು ಸಂಗತಿ ತಿಳಿಯಿತು. ಮದ್ದು ಹೇಳುವವರು ಮೂಗು ನೋಡಿ ಹೇಳುವುದಿಲ್ಲ. ಅವರವರ ಊರಲ್ಲಿ ಯಾವುದು ಧಾರಾಳವೋ ಅದನ್ನು ಹೇಳುತ್ತಾರೆ.

ಚಿಕ್ಕೋಡಿಯಿಂದ ಸುರು ಮಾಡುತ್ತೇನೆ. ನಮ್ಮ ಅತ್ತೆಯವರ ಮದ್ದು ಕಡ್ಲಿಹಿಟ್ಟು ಮತ್ತು ಮನೆಯ ಎಮ್ಮೆಯ ಗಟ್ಟಿ ಮೊಸರು. ಎರಡು ಚಮಚೆ ಹಿಟ್ಟಿಗೆ ಒಂದು ಚಮಚೆ ಮೊಸರು. ಗಂಟಾಗದಂತೆ ಕಲಸಬೇಕು, ಮೂಗಿನ ಎರಡೂ ಬದಿಯ ಸಂದಿಯಲ್ಲಿ ಬೆರಳಿನಿಂದ ಒತ್ತಿ ಹಚ್ಚಬೇಕು, ಒಣಗುವ ತನಕ ಮಾತಾಡಬಾರದು. ಈ ಕೊನೆಯ ಕರಾರು ನನ್ನ ಮೂಗಿನ ಹಿತಕ್ಕಾಗಿತ್ತೋ ಅತ್ತೆಯವರ ಕಿವಿಯ ಹಿತಕ್ಕಾಗಿತ್ತೋ ನಾನು ಕೇಳಲು ಹೋಗಲಿಲ್ಲ. ಹಿಟ್ಟು ಒಣಗುತ್ತ ಬಂದಂತೆ ಕೆನ್ನೆ ಬಿಗಿಯುತ್ತದೆ, ತುಟಿಯ ಮೂಲೆಯಲ್ಲಿ ಬಿರುಕು ಬಿಡುತ್ತದೆ, ಗದ್ದದಿಂದ ಒಂದು ಚೂರು ಕಳಚಿ ಸೀರೆಯ ನಿರಿಗೆಯೊಳಗೆ ಬೀಳುತ್ತದೆ. ಗ್ಯಾಸ್ ಸಿಲಿಂಡರಿನವನು ಬರುವುದು ಬರೋಬ್ಬರಿ ಅದೇ ಹೊತ್ತಿಗೆ. ಕದ ತೆರೆದವಳ ಮುಖ ನೋಡಿ ಅವನು ಎರಡು ಹೆಜ್ಜೆ ಹಿಂದೆ ಸರಿದು, 'ಮನ್ಯಾಗ ದೊಡ್ಡವ್ರು ಯಾರರ ಅದಾರೇನ್ರಿ?' ಎಂದ. ಮಾತಾಡಬಾರದಲ್ಲ, ನಾನೇ ದೊಡ್ಡವಳೆಂದು ಕೈಸನ್ನೆ ಮಾಡಿ ತೋರಿಸಿದೆ.

ತೊಳೆದ ಮೇಲೆ ಮುಖ ನಿಜಕ್ಕೂ ನುಣುಪಾಗುತ್ತದೆ. ಅದರಲ್ಲಿ ಮೋಸವಿಲ್ಲ. ಹಿಟ್ಟು ಮೇಲಿನ ಎಣ್ಣೆಯನ್ನು ಹೀರುತ್ತದೆ, ಉಜ್ಜುವಾಗ ಸತ್ತ ಪದರಿನ ಪುಡಿ ಸ್ವಲ್ಪ ಉದುರುತ್ತದೆ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲವಿದೆ. ಚರ್ಮ ನಯಗೊಳಿಸುವ ದುಬಾರಿ ಶೀಶೆಗಳಲ್ಲೂ ಅದೇ ಆಮ್ಲವಿರುತ್ತದೆ. ಆದರೆ ಶೀಶೆಯಲ್ಲಿ ಅದು ಶೇಕಡಾ 5 ಅಥವಾ 10ರ ಲೆಕ್ಕದಲ್ಲಿ ಅಳೆದು ಹಾಕಿದ್ದು, ಮೊಸರಿನಲ್ಲಿ ಶೇಕಡಾ 1ರ ಆಸುಪಾಸು. ಹೀಗಾಗಿ ಮುಖ ಹೊಳೆಯಿತು, ಚುಕ್ಕಿಗಳು ಇದ್ದಲ್ಲಿಯೇ ಇದ್ದವು. ಹೊಳೆಯುವ ಮುಖದ ಮೇಲೆ ಅವು ಮೊದಲಿಗಿಂತ ಚಂದಾಗಿಯೇ ಕಾಣತೊಡಗಿದವು.

ರಾಯಬಾಗದ ಮದ್ದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಅರಿಷಿಣ ಕೀಳುವ ಕಾಲಕ್ಕೆ ಊರ ಹೊರಗೆ ಎಲ್ಲಿ ನೋಡಿದರೂ ಗಡ್ಡೆ ಕುದಿಸುವ ಉಗಿ, ಮಣ್ಣು ಮತ್ತು ಕರ್ಪೂರ ಕೂಡಿದಂಥ ಒಂದು ವಾಸನೆ. ಕುದಿಸಿದ್ದನ್ನು ಕಣದಲ್ಲಿ ಹರವಿ ಹತ್ತು ಹದಿನೈದು ದಿನ ಒಣಗಿಸಿ, ಡ್ರಮ್ಮಿಗೆ ತುಂಬಿ ಗರಗರ ತಿರುಗಿಸಿ ಪಾಲಿಶ್ ಮಾಡುತ್ತಾರೆ. ಆ ದಿನಗಳಲ್ಲಿ ಆಳಿನ ಕೈ, ಎತ್ತಿನ ಕೋಡು, ಚೀಲ, ಚಹಾದ ಕಪ್ಪು, ಎಲ್ಲವೂ ಹಳದಿ. ಮಾಲು ಹೋಗುವುದು ಸಾಂಗಲಿ ಪೇಟೆಗೆ. ಸಾಂಗಲಿ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಲ್ಲಿಯ ಹರಿಪುರದಲ್ಲಿ ಅರಿಷಿಣವನ್ನು ನೆಲದೊಳಗಿನ ಹಗೇವುಗಳಲ್ಲಿ ಕೂಡಿಡುವ ಪದ್ಧತಿಯಿತ್ತು. ನಮ್ಮದೇ ತಾಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆ. ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳ ಚಕ್ಕಡಿಗಳು ಬಂದು ಬೀಡು ಬಿಟ್ಟು, ಭಂಡಾರವೆಂಬ ಅರಿಷಿಣ ಪುಡಿ ಹಾರಿ, ಮನುಷ್ಯರ ಮುಖ ಯಾವುದು ಭಂಡಾರ ಯಾವುದು ಎಂದು ತಿಳಿಯದಾಗುತ್ತದೆ. ಇಂಥ ನೆಲದಲ್ಲಿ ಹುಟ್ಟಿದ ನಮ್ಮ ಅವ್ವನಿಗೆ, ಅರಿಷಿಣದಿಂದ ಹೋಗದ ಕಲೆ ಜಗತ್ತಿನಲ್ಲಿದೆ ಎಂದು ಒಪ್ಪಿಸುವುದು ಯಾರಿಂದಲೂ ಆಗದ ಮಾತು.

ಅವ್ವ ಕೆನೆಯಲ್ಲಿ ಅರಿಷಿಣ ಕಲಸಿ ಹಚ್ಚಿದಳು. ಚುಕ್ಕಿ ಹೋಗಲಿಲ್ಲ, ಆದರೆ ಹಳದಿ ಬಣ್ಣವೂ ಹೋಗಲಿಲ್ಲ. ಅರಿಷಿಣದ ಬಣ್ಣದ ಸತ್ವ ಕರಗುವುದು ಎಣ್ಣೆಯಲ್ಲಿ; ನೀರಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಮರುದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ನನ್ನ ಕಣ್ಣು ಮತ್ತು ಉಗುರು ಎರಡನ್ನೂ ಪರೀಕ್ಷಿಸಿ, 'ಕಾಮಣಿ ಆಗೈತಿ ಯವ್ವಾ, ತಡಾ ಮಾಡಬ್ಯಾಡ' ಎಂದು ಎಲೆಯ ಔಷಧ ಕೊಡುವವರ ಊರಿನ ದಾರಿ ಹೇಳಿದಳು. ಒಂದು ಮದ್ದು ಇನ್ನೊಂದು ಮದ್ದಿಗೆ ಚೀಟಿ ಬರೆದುಕೊಡುವುದು ಹೀಗೆ.

ಅವ್ವನದು ಹೊಲದ ಅರಿಷಿಣ, ಅದರ ಮೇಲೆ ನನ್ನ ದೂರಿಲ್ಲ. ಆದರೆ ಪೇಟೆಯಿಂದ ಬಿಡಿ ಪುಡಿ ತಂದು ಹಚ್ಚುವವರು ಎಚ್ಚರ ಇರಬೇಕು. ಬಣ್ಣ ಏರಲೆಂದು ಮೆಟಾನಿಲ್ ಯೆಲ್ಲೊ ಎಂಬ ರಾಸಾಯನಿಕ ಬಣ್ಣವನ್ನೋ, ಸೀಸದ ಕ್ರೋಮೇಟನ್ನೋ ಬೆರೆಸುವ ಚಾಳಿ ದೇಶದಲ್ಲಿ ಹಳೆಯದು. ಸೀಸ ಮುಖಕ್ಕೂ ಬೇಡ, ಹೊಟ್ಟೆಗಂತೂ ಬೇಡವೇ ಬೇಡ.

ಕಾಗವಾಡದ ಕಡೆ ಕಬ್ಬು, ಸಕ್ಕರೆ, ದ್ರಾಕ್ಷಿ. ಉಗಾರ ಖುರ್ದದಲ್ಲಿ ಹಳೆಯ ಸಕ್ಕರೆ ಕಾರಖಾನೆಯಿದೆ. ಹಂಗಾಮು ಸುರುವಾದರೆ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು. ಅಕ್ಕನ ಮನೆಯ ಮದ್ದು ಸಕ್ಕರೆ ಮತ್ತು ನಿಂಬೆ. ಅರ್ಧ ನಿಂಬೆಹಣ್ಣನ್ನು ಸಕ್ಕರೆಯಲ್ಲಿ ಅದ್ದಿ ಮೂಗಿನ ಮೇಲೆ ಗುಂಡಗೆ ತಿಕ್ಕಬೇಕು. ಸಕ್ಕರೆಯ ಹರಳಿಗೆ ಮೂಲೆಗಳಿರುತ್ತವೆ. ಆ ಮೂಲೆ ಗೀರಿದಲ್ಲಿ ನಿಂಬೆರಸ ಇಳಿಯುತ್ತದೆ. ಕಣ್ಣಲ್ಲಿ ನೀರು ಬಂದರೆ, 'ಉರಿತೈತಿ ಅಂದ್ರ ಕೆಲಸ ಮಾಡಾಕತ್ತೈತಿ' ಎಂದು ಅಕ್ಕ ಧೈರ್ಯ ಹೇಳಿದಳು. ನಮ್ಮ ಚರ್ಮ ತಾನೇ ಸಣ್ಣಗೆ ಹುಳಿ ಗುಣದ್ದು, ಪಿಎಚ್ ಲೆಕ್ಕದಲ್ಲಿ 5ರ ಹತ್ತಿರ. ನಿಂಬೆರಸ 2ರ ಹತ್ತಿರ. ಆ ಲೆಕ್ಕದಲ್ಲಿ ಒಂದೊಂದು ಅಂಕಿಗೆ ಹುಳಿ ಹತ್ತು ಪಟ್ಟು ಏರುತ್ತದೆ. ಮೂಗಿನ ಮೇಲೆ ಏನು ಕೆಲಸ ನಡೆದಿತ್ತೆಂದು ಅದರಿಂದ ತಿಳಿಯಬಹುದು.

ನನ್ನದು ಉರಿಯಲ್ಲಿ ಮುಗಿಯಿತು. ಅಕ್ಕನ ಮಗಳದು ಮುಂದುವರಿಯಿತು. ಅವಳು ಬೆಳಿಗ್ಗೆ ನಿಂಬೆರಸ ಹಚ್ಚಿಕೊಂಡು, ಅರ್ಧಮರ್ಧ ತೊಳೆದುಕೊಂಡು ದ್ರಾಕ್ಷಿ ತೋಟಕ್ಕೆ ಹೋದಳು. ಮಧ್ಯಾಹ್ನದ ತನಕ ಬಿಸಿಲು. ಒಂದೆರಡು ದಿನಕ್ಕೆ ಮೂಗಿನ ಬದಿಯಿಂದ ಕೆನ್ನೆಯವರೆಗೆ, ರಸ ಎಲ್ಲಿ ಹರಿದಿತ್ತೋ ಅಲ್ಲಿ, ಒಂದು ಕಂದು ಪಟ್ಟಿ ಎದ್ದಿತು. ನಿಂಬೆ ಜಾತಿಯ ಹಣ್ಣಿನಲ್ಲಿರುವ ಫ್ಯೂರೋಕುಮಾರಿನ್ ಎಂಬ ವಸ್ತು ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ಚರ್ಮವನ್ನು ಸುಡುತ್ತದೆ. ಸುಟ್ಟ ಗಾಯ ಮಾಯ್ದರೂ ಕಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಚುಕ್ಕಿ ತೆಗೆಯಲು ಹೋಗಿ ಪಟ್ಟಿ ಬಂತು. ಹುಡುಗಿಗೆ ವರ ನೋಡುತ್ತಿದ್ದ ಕಾಲ. ಅಕ್ಕ ಕಂಗಾಲಾದಳು. ಕಾಗವಾಡದಿಂದ ಮಿರಜ ಕೂಗಳತೆಯ ದೂರ. ನಮ್ಮ ಗಡಿಯ ಜನಕ್ಕೆ ದೊಡ್ಡ ದವಾಖಾನೆ ಎಂದರೆ ಹಿಂದಿನಿಂದಲೂ ಮಿರಜವೇ. ಹುಡುಗಿಯ ಜೊತೆ ನಾನೂ ಹೋದೆ, ನನ್ನ ಮೂಗನ್ನೂ ತೋರಿಸಿಬಿಡೋಣ ಎಂದು.

ಚರ್ಮದ ಡಾಕ್ಟರರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡಿದರು. ದೀಪ ಕಟ್ಟಿದ ಬೂದುಗಾಜು ಮೂಗಿಗೆ ಹಿಡಿದು, 'ಇದು ಹೊಲಸ ಅಲ್ಲ ಬಾಯಿ, ತಿಕ್ಕಿದ್ರ ಹೆಂಗ ಹೋಗ್ತೈತಿ?' ಎಂದರು. ಮುಖದ ಒಂದೊಂದು ಕೂದಲಿನ ಬುಡದಲ್ಲೂ ಎಣ್ಣೆಯ ಗ್ರಂಥಿಯಿದೆ. ಆ ಎಣ್ಣೆ ಹೊರಬರುವ ದಾರಿಯಲ್ಲಿ ಸತ್ತ ಜೀವಕೋಶಗಳು ಕೂಡಿಕೊಂಡು ಗಟ್ಟಿ ಬಿರಡೆಯಾಗುತ್ತವೆ. ಆ ದಾರಿಯ ಬಾಯಿ ಮುಚ್ಚಿದ್ದರೆ ಬಿಳಿ ಗುಳ್ಳೆ. ತೆರೆದಿದ್ದರೆ ಗಾಳಿ ತಾಗಿ ಕೊಬ್ಬಿನಂಶ ಬಣ್ಣ ಬದಲಿಸುತ್ತದೆ, ಜೊತೆಗೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅಲ್ಲಿ ಸೇರಿರುತ್ತದೆ. ಕಪ್ಪು ಕಾಣುವುದು ಅದು. ರಸ್ತೆಯ ಧೂಳು ಅಲ್ಲ, ತೊಳೆಯದ ಮುಖವೂ ಅಲ್ಲ. ದಿನಕ್ಕೆ ಹತ್ತು ಸಲ ತೊಳೆದವರಿಗೂ ಬರುತ್ತದೆ. ಇನ್ನು ನನ್ನ ಮೂಗಿನ ಮೇಲೆ ಸಾಲಾಗಿ ಕೂತ ಬೂದುಬಣ್ಣದ ಸಣ್ಣ ಚುಕ್ಕಿಗಳಲ್ಲಿ ಬಹಳಷ್ಟು ಬ್ಲ್ಯಾಕ್‌ಹೆಡ್ಡೇ ಅಲ್ಲವಂತೆ. ಎಣ್ಣೆ ಹೊರಬರುವ ಸಹಜ ದಾರಿಗಳು ಅವು, ಎಲ್ಲರ ಮೂಗಿನಲ್ಲೂ ಇರುತ್ತವೆ, ಹಿಸುಕಿ ತೆಗೆದರೆ ತಿಂಗಳೊಳಗೆ ಮತ್ತೆ ತುಂಬುತ್ತವೆ. ಇಷ್ಟು ವರ್ಷ ಐದು ತಾಲೂಕು ಕೂಡಿ ನನ್ನ ಮೂಗಿನ ಮೂಗುತನದ ಮೇಲೆಯೇ ದಂಡೆತ್ತಿ ಹೋಗಿತ್ತು!

ಅಥಣಿಯ ನಾದಿನಿ ಈ ಮಾತನ್ನು ಅರ್ಧ ಮಾತ್ರ ಒಪ್ಪಿದಳು. 'ರಂಧ್ರ ತೆರದಾವಲ್ಲ ವೈನಿ, ಅವನ್ನ ಮುಚ್ಚಿಬಿಟ್ರ ಆತು' ಎಂಬುದು ಅವಳ ವಾದ. ಮೊದಲು ಬಿಸಿನೀರಿನ ಉಗಿ ತೆಗೆದುಕೊಂಡು ರಂಧ್ರ ತೆರೆಯಬೇಕು, ಆಮೇಲೆ ಅಳಲೆಕಾಯಿ ಪುಡಿ ನೀರಲ್ಲಿ ಕಲಸಿ ಹಚ್ಚಿ ಮುಚ್ಚಬೇಕು. ಚರ್ಮದ ರಂಧ್ರಕ್ಕೆ ತೆರೆದು ಮುಚ್ಚುವ ಬಾಗಿಲಿಲ್ಲ. ಉಗಿಯಿಂದ ಒಳಗಿನ ಎಣ್ಣೆ ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ. ಆದರೆ ಅಳಲೆಕಾಯಿ ಅವಳಿಗೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಅಥಣಿಯೆಂದರೆ ಚಪ್ಪಲಿ. ಕೊಲ್ಹಾಪುರಿ ಎಂದು ಲೋಕವೆಲ್ಲ ಕರೆಯುವ ಚಪ್ಪಲಿಯಲ್ಲಿ ಅಥಣಿಯ ಕೈಕೆಲಸದ ಪಾಲು ದೊಡ್ಡದು. 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಎಷ್ಟೋ, ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಅಷ್ಟೇ ಸೇರಿದ್ದು. ಆ ಚಪ್ಪಲಿಯ ತೊಗಲನ್ನು ಹದ ಮಾಡುವುದು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ. ಅವುಗಳ ಒಗರು ತೊಗಲಿನ ಪ್ರೋಟೀನಿಗೆ ಹತ್ತಿಕೊಂಡು ಅದನ್ನು ಬಿಗಿಗೊಳಿಸುತ್ತದೆ, ಕೊಳೆಯದಂತೆ ಕಾಯುತ್ತದೆ. ಬಲು ಗಟ್ಟಿ ವಿದ್ಯೆ; ಮಳೆ ತಾಗದಂತೆ ಜೋಪಾನ ಮಾಡಿದರೆ ಒಂದು ಜೋಡು ವರ್ಷಗಟ್ಟಲೆ ಬಾಳುತ್ತದೆ. ಆದರೆ ನನ್ನ ಮೂಗಿನ ಚರ್ಮ ಇನ್ನೂ ಜೀವಂತವಿದೆಯೆಂದು ನಾದಿನಿಗೆ ನೆನಪಿಸಬೇಕಾಯಿತು. ಪುಡಿ ಒಣಗಿ ಮೂಗು ಬಿಗಿದು, ನಗಲು ಬಾರದಂತಾಗಿ, ಮರುದಿನ ಸಿಪ್ಪೆ ಎದ್ದಿತು.

ನಿಪ್ಪಾಣಿ ಪೇಟೆಯ ಊರು, ಕೊಲ್ಹಾಪುರದ ಗಾಳಿ ಬೇಗ ಬೀಸುವ ಊರು. ಚಿಗವ್ವನ ಮಗಳು ಹಿಟ್ಟು ಮೊಸರನ್ನು ದಾಟಿ ಮುಂದೆ ಹೋಗಿದ್ದಳು. ಅವಳದು ಕಿತ್ತು ತೆಗೆಯುವ ಮಾಸ್ಕ್. ಮೂಗಿಗೆ ಪಟ್ಟಿ ಅಂಟಿಸಿ ಕೀಳುವ ಉಪಾಯವನ್ನು ಜಪಾನಿನ ಕಂಪನಿಯೊಂದು 1990ರ ದಶಕದಲ್ಲಿ ಲೋಕಕ್ಕೆಲ್ಲ ಮಾರಿತು. ಅದರ ಮನೆ ಆವೃತ್ತಿಗಳು ಈಗ ಮೊಬೈಲಿನಲ್ಲಿ ಸುತ್ತುತ್ತಿವೆ. ಮೊದಲನೆಯದು ತತ್ತಿಯ ಬಿಳಿ ಲೋಳೆ. ತತ್ತಿ ಹೊಸ್ತಿಲು ದಾಟದ ಮನೆ ಅವಳದು. ಹೀಗಾಗಿ ಪ್ರಯೋಗ ನಡೆದದ್ದು ಹಿತ್ತಿಲಲ್ಲಿ, ಕುಳ್ಳಿನ ಬಣವಿಯ ಮರೆಯಲ್ಲಿ. ಲೋಳೆ ಹಚ್ಚಿ, ತೆಳ್ಳನೆಯ ಕಾಗದ ಅಂಟಿಸಿ, ಮತ್ತೆ ಲೋಳೆ ಹಚ್ಚಿ ಇಬ್ಬರೂ ಬಿಸಿಲಿಗೆ ಮೂಗು ಮಾಡಿ ಕೂತಿದ್ದೆವು. ಒಲೆಗೆ ಕುಳ್ಳು ಒಯ್ಯಲು ಬಂದ ಅವಳ ಅತ್ತೆ ನಮ್ಮನ್ನು ನೋಡಿ ಬುಟ್ಟಿ ಕೆಳಗಿಟ್ಟರು. ತತ್ತಿಯ ಒಡಕು ಕಂಡಿತು. ಮೂಗಿನ ಕಾಗದ ಕೀಳುವ ಮೊದಲೇ ನಮ್ಮ ಇಬ್ಬರ ಮಾನ ಕಿತ್ತುಹೋಯಿತು. ಆಮೇಲಿನದು ಇದ್ದಲಿ ಪುಡಿ ಮತ್ತು ಸಾಲಿ ಹುಡುಗರ ಅಂಟು. ಅದು ಒಣಗಿದ ಮೇಲೆ ಎಳೆದರೆ ಬರುವುದು ಮೂಗಿನ ಮೇಲಿನ ತುಪ್ಪುಳ, ಚರ್ಮದ ಮೇಲುಪದರು ಮತ್ತು ಬಾಯಿಂದ ಒಂದು ಮಾತು. ಆ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಬಿರಡೆಯ ತುದಿ ಒಂದಿಷ್ಟು ಬಂದೀತು, ಬುಡ ಅಲ್ಲೇ ಉಳಿಯುತ್ತದೆ.

ಮನೆಯಲ್ಲಿ ಮಾಡಿದ್ದು ಕೆಡಕು ಮಾಡಲಾರದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಈ ನಂಬಿಕೆಗೆ ನಿಪ್ಪಾಣಿ ಸೀಮೆಯಲ್ಲೇ ಒಂದು ಉತ್ತರವಿದೆ. ತಂಬಾಕಿನ ನಾಡು ಅದು. ಗಡಿಯ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಹಂಚಿನ ಮೇಲೆ ತಂಬಾಕು ಕರ್ರಗೆ ಹುರಿದು, ಪುಡಿ ಮಾಡಿ, ಸಣ್ಣ ಡಬ್ಬಿಯಲ್ಲಿಟ್ಟು ಹಲ್ಲಿಗೆ ತಿಕ್ಕುತ್ತಾರೆ. ಅದು ಮಿಶ್ರಿ. ಹಲ್ಲು ಗಟ್ಟಿಯಾಗುತ್ತದೆ, ಹೊಟ್ಟೆ ಹಗುರಾಗುತ್ತದೆ ಎಂದು ಅವ್ವ ಮಗಳಿಗೆ ಕಲಿಸಿದ್ದು, ಅತ್ತೆ ಸೊಸೆಗೆ ಕೊಟ್ಟಿದ್ದು. ಅಂಗಡಿಯದಲ್ಲ, ರಾಸಾಯನಿಕ ಬೆರೆಸಿದ್ದಲ್ಲ, ಅಪ್ಪಟ ಮನೆಯದು. ಬಾಯಿಯ ಕ್ಯಾನ್ಸರಿಗೆ ಅದು ಮನೆಯದೋ ಪೇಟೆಯದೋ ಎಂಬ ಭೇದವಿಲ್ಲ. ಅಡುಗೆ ಸೋಡಾ ಹಚ್ಚುವವರೂ, ಹಸಿ ಪಪ್ಪಾಯಿಯ ಹಾಲು ಹಚ್ಚುವವರೂ, ಹಲ್ಲಿನ ಪೇಸ್ಟು ಹಚ್ಚುವವರೂ ಈ ಮಾತನ್ನು ಒಮ್ಮೆ ಯೋಚಿಸಬೇಕು.

ಹಾಗೆಂದು ಪೇಟೆಯದನ್ನೇ ನಂಬಿ ಎಂದು ನಾನು ಹೇಳುವುದಿಲ್ಲ. ಮನೆಮದ್ದಿಗೆ ಬೇಸತ್ತವರು ಸೀದಾ ಹೋಗುವುದು ಔಷಧದ ಅಂಗಡಿಗೆ. 'ಮಾರಿ ಬೆಳ್ಳಗ ಆಗೂದು ಒಂದ ಟ್ಯೂಬ್ ಕೊಡ್ರಿ' ಎಂದರೆ ಕೆಲವು ಕಡೆ ಸ್ಟಿರಾಯ್ಡ್ ಇರುವ ಮುಲಾಮು ಕೈಗೆ ಬರುತ್ತದೆ. ವಾರದಲ್ಲಿ ಮುಖ ಹೊಳೆಯುತ್ತದೆ, ತಿಂಗಳುಗಳಲ್ಲಿ ಚರ್ಮ ತೆಳ್ಳಗಾಗಿ ಕೆಂಪಾಗಿ ಮೊಡವೆ ಏಳುತ್ತದೆ, ಬಿಟ್ಟರೆ ಉರಿ. ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಬಿಗಿ ಮಾಡಿದೆ. ನಿಯಮ ಕಾಗದದಲ್ಲಿದೆ, ಟ್ಯೂಬು ಇನ್ನೂ ಎಷ್ಟೋ ಮನೆಗಳ ಕನ್ನಡಿಯ ಕಪಾಟಿನಲ್ಲಿದೆ.

ಮಿರಜದ ಡಾಕ್ಟರರು ಹೇಳಿದ್ದು ಕೇಳಲು ತೀರ ಸಪ್ಪೆ. ದಿನಕ್ಕೆ ಎರಡು ಹೊತ್ತು ಸೌಮ್ಯ ಸಾಬೂನಿನಿಂದ ತೊಳೆಯಿರಿ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯದಂತೆ ನೋಡಿಕೊಳ್ಳಿ. ಹಿಸುಕಬೇಡಿ. ಚುಕ್ಕಿ ತ್ರಾಸು ಕೊಡುತ್ತಿದ್ದರೆ ಶೇಕಡಾ 0.5ರಿಂದ 2ರವರೆಗಿನ ಸ್ಯಾಲಿಸಿಲಿಕ್ ಆಮ್ಲ ಬಳಸಬಹುದು. ಅದು ಎಣ್ಣೆಯಲ್ಲಿ ಕರಗುವುದರಿಂದ ಬಿರಡೆಯ ಒಳಗೆ ಇಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಅಡಾಪಲೀನ್ ಎಂಬ ಮುಲಾಮು, ರಾತ್ರಿ ಹೊತ್ತು, ಕಡಲೆಕಾಳಿನಷ್ಟು. ಗರ್ಭಿಣಿಯರು ಅದನ್ನು ಹಚ್ಚಬಾರದು, ಹಚ್ಚುವವರು ಬಿಸಿಲಿಗೆ ಸನ್‌ಸ್ಕ್ರೀನ್ ಬಿಡಬಾರದು. ಗುಣ ಕಾಣಲು ಎರಡು ಮೂರು ತಿಂಗಳು ಕಾಯಬೇಕು. ಇದರಲ್ಲಿ ಕಲಸುವುದಿಲ್ಲ, ಒಣಗಿಸುವುದಿಲ್ಲ, ಕೀಳುವುದಿಲ್ಲ. ಅಕ್ಕನಿಗೆ ಇದು ಔಷಧ ಅನ್ನಿಸಲೇ ಇಲ್ಲ. 'ಇಷ್ಟ ಹೇಳಾಕ ಅಷ್ಟ ಫೀಜೇನ?' ಎಂದು ದಾರಿಯುದ್ದಕ್ಕೂ ಗೊಣಗಿದಳು.

ಹುಡುಗಿಯ ಕಂದು ಪಟ್ಟಿ ಬಿಸಿಲು ತಪ್ಪಿಸಿದ ಮೇಲೆ ನಿಧಾನಕ್ಕೆ ಮಾಸಿತು. ಮದುವೆಯೂ ಕೂಡಿಬಂತು. ಸುರಿಗಿಯ ದಿನ ಹಸಿ ಅರಿಷಿಣ ಹಚ್ಚಿ ಕೂರಿಸಿದಾಗ ಮೂಗಿನ ಮೇಲೆ ಉಳಿದ ನಾಲ್ಕು ಚುಕ್ಕಿ ಝುಣಕದೊಳಗಿನ ಸಾಸಿವೆಯಂತೆ ಎದ್ದು ಕಂಡವು. ಬೀಗರ ಕಡೆಯ ಹಿರಿಯಳೊಬ್ಬಳು ಬಗ್ಗಿ ನೋಡಿ, 'ಇದಕ್ಕೊಂದು ಔಷಧ ಐತಿ ನೋಡು' ಎಂದು ಬಾಯಿ ತೆರೆದಳು. ಮದುಮಗಳು ನನ್ನ ಕಡೆ ತಿರುಗಿ, 'ಮಾವಶಿ, ಇವ್ರದು ಯಾವ ತಾಲೂಕು?' ಎಂದು ಕೇಳಿದಳು. ನಾವಿಬ್ಬರೂ ನಕ್ಕಿದ್ದು ಯಾಕೆಂದು ಆ ಹಿರಿಯಳಿಗೆ ತಿಳಿಯಲಿಲ್ಲ.

ಕಡ್ಲಿಹಿಟ್ಟು ಮೊಸರು ಹಚ್ಚಿಕೊಂಡು ಅರ್ಧ ತಾಸು ಸುಮ್ಮನೆ ಕೂರುವ ಖುಷಿ ಬೇಕಿದ್ದವರು ಹಚ್ಚಿಕೊಳ್ಳಲಿ. ಮುಖ ನುಣುಪಾದೀತು, ಚುಕ್ಕಿ ಹೋಗುವುದಿಲ್ಲ. ನಿಂಬೆ, ಸೋಡಾ, ಅಂಟು, ಇವನ್ನು ಮುಖದ ಹತ್ತಿರ ಬಿಟ್ಟುಕೊಳ್ಳಬೇಡಿ. ಸಂಕಟ ಚುಕ್ಕಿಗಿಂತ ಹೆಚ್ಚು ಅದನ್ನು ಎತ್ತಿ ತೋರಿಸುವ ಮಾತಿನಲ್ಲಿದೆ. ಅದಕ್ಕೆ ಮಿರಜದಲ್ಲೂ ಮುಲಾಮಿಲ್ಲ. ಆದ್ದರಿಂದ ಐದೂ ತಾಲೂಕಿನ ಹಿರಿಯರಲ್ಲಿ ನನ್ನದೊಂದು ವಿನಂತಿ: ಮದುವೆಗೆ ಬನ್ನಿ, ಹುಗ್ಗಿ ಹದವಾಗಿದೆಯೋ ಇಲ್ಲವೋ ಹೇಳಿ, ತುಪ್ಪ ಕಡಿಮೆಯಾಗಿದ್ದರೆ ಕೇಳಿ ಹಾಕಿಸಿಕೊಳ್ಳಿ. ಹುಡುಗಿಯ ಮೂಗಿನ ವಿಷಯ ಮಾತ್ರ ಹುಡುಗಿಗೇ ಬಿಡಿ.